ಹೊಸ ವರ್ಷದ ಚೀಟಿ

ಸರ್ಕಾರಿ ಸೈನ್ಯದ ಕ್ಯಾಪ್ಟನ್ ಊಟಕ್ಕೆ ಬರುತ್ತಾನೆಂದು ಗೊದಾರ್ ಧಣಿ ಬೆಳಗ್ಗೆಯೇ ಎರಡು ಬಾತುಕೋಳಿ ಕೊಯ್ಯಿಸಿದ್ದ. ಆ ಕೊಬ್ಬು ಕರಗುವ ವಾಸನೆಗೆ ಅಡುಗೆಯ ಅಜೆಲಿಗೆ ಹೊಟ್ಟೆ ತೊಳಸುತ್ತಿತ್ತು. ಅವಳು ಆರು ತಿಂಗಳ ಬಸುರಿ, ವಾಕರಿಕೆ ಹೊಸದೇನಲ್ಲ. ಆದರೆ ಇವತ್ತಿನದು ಬಸುರಿನ ವಾಕರಿಕೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ತಟ್ಟೆ ಹಿಡಿದು ಊಟದ ಕೋಣೆಗೆ ಹೋದಾಗಲೆಲ್ಲ ಅಲ್ಲಿನ ಮಾತು ಕಿವಿಗೆ ಬೀಳುತ್ತಿತ್ತು. ವಾಸನೆ ಬರುತ್ತಿದ್ದದ್ದು ಆ ಮಾತಿನಿಂದ.

ಮಾತೆಲ್ಲ ಸರ್ಕಾರದ ಆಜ್ಞೆಯದು. ಅಮೆರಿಕದ ದಕ್ಷಿಣದ ಸೀಮೆಗಳು ದಂಗೆ ಎದ್ದು ಯುದ್ಧ ಶುರುವಾಗಿ ಎರಡು ವರ್ಷವಾಗುತ್ತಾ ಬಂದಿತ್ತು. ದಂಗೆ ಎದ್ದ ಸೀಮೆಗಳಲ್ಲಿರುವ ಗುಲಾಮರೆಲ್ಲ ಜನವರಿ ಒಂದರಿಂದ ಸ್ವತಂತ್ರರು ಎಂದು ಉತ್ತರದ ಸರ್ಕಾರ ಸಾರಿತ್ತು. ಲೂಸಿಯಾನದ ಕಬ್ಬಿನ ಗದ್ದೆಗಳಲ್ಲಿ ಆ ಸುದ್ದಿಗೆ ಕುಣಿಯದ ಕಾಲಿರಲಿಲ್ಲ. ಹದಿನೈದು ದಿನ ಬಿಟ್ಟು ಆಜ್ಞೆಯ ಪೂರ್ತಿ ಪಾಠ ಬಂತು ನೋಡಿ, ಅದರಲ್ಲಿ ಒಂದು ‘ಆದರೆ’ ಇತ್ತು. ಸರ್ಕಾರದ ಸೈನ್ಯ ಮೊದಲೇ ಹಿಡಿದುಕೊಂಡಿದ್ದ ಹದಿಮೂರು ಜಿಲ್ಲೆಗಳಿಗೆ ಈ ಬಿಡುಗಡೆ ಇಲ್ಲ, ಅಲ್ಲಿ ಎಲ್ಲವೂ ಮೊದಲಿನಂತೆಯೇ. ಅಂದರೆ ಯಾರು ಸರ್ಕಾರದ ಮಾತು ಕೇಳುವುದಿಲ್ಲವೋ ಅವರ ಗುಲಾಮರಿಗೆ ಬಿಡುಗಡೆ. ಯಾರು ಕೇಳುತ್ತಾರೋ ಅವರ ಗುಲಾಮರು ಬಿದ್ದಿರಲಿ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ಬುಡಕ್ಕೆ ಕತ್ತಲೆಯನ್ನು ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಿದ್ದರು.

ಗೊದಾರ್‌ನ ಜಮೀನಿದ್ದ ಅಸೆನ್ಶನ್ ಜಿಲ್ಲೆ ಆ ಹದಿಮೂರರಲ್ಲಿ ಒಂದು. ಜಮೀನಿನ ಬಡಗಣ ಅಂಚಿನಲ್ಲಿ ಒಂದು ಬಸಿಗಾಲುವೆ, ಅದರಾಚೆಗೆ ಇಬರ್ವಿಲ್ ಜಿಲ್ಲೆ. ಅದು ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಕಾಲುವೆಯ ಆಚೆಯವರು ಸ್ವತಂತ್ರರು, ಈಚೆಯವರು ಧಣಿಯ ಸೊತ್ತು. ಗಟ್ಟಿಮುಟ್ಟಾದ ಗಂಡಸು ಓಡಿ ಬಂದು ಜಿಗಿದರೆ ದಾಟಿಬಿಡುವಷ್ಟು ಅಗಲದ ನೀರು ಅದು. ಗಡಿ ಅದರ ನಟ್ಟನಡುವೆ ಹಾಯುತ್ತದೆಂದು ಗೊದಾರ್ ನಕ್ಷೆಯ ಮೇಲೆ ಫೋರ್ಕಿನ ತುದಿ ಆಡಿಸಿ ಕ್ಯಾಪ್ಟನ್ನಿಗೆ ತೋರಿಸುತ್ತಿದ್ದ. ಡಿಸೆಂಬರಿನಲ್ಲೇ ಪಟ್ಟಣಕ್ಕೆ ಹೋಗಿ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿ, ವೋಟು ಹಾಕಿ ಬಂದಿದ್ದ ಭೂಪ ಇವನು. ಇವನ ಹಿರಿಯ ಮಗ ಆ ಹೊತ್ತಿಗೂ ದಂಗೆಕೋರರ ಕುದುರೆ ಪಡೆಯಲ್ಲಿದ್ದ. ಯಾರು ಗೆದ್ದರೂ ಮನೆಗೆ ನಷ್ಟವಿಲ್ಲ.

ಅಜೆಲಿಯ ಗಂಡ ಉರ್ಸಿನ್ ಕಾಲುವೆಯ ಆಚೆಯವನು. ಒಬ್ಬ ಧಣಿಯ ಹೆಣ್ಣು, ಇನ್ನೊಬ್ಬ ಧಣಿಯ ಗಂಡು ಮದುವೆಯಾದರೆ ಆ ಸೀಮೆಯಲ್ಲಿ ಒಂದೇ ಪದ್ಧತಿ: ಶನಿವಾರ ಸಂಜೆ ಗಂಡ ತನ್ನ ಧಣಿ ಬರೆದುಕೊಟ್ಟ ಅನುಮತಿಯ ಚೀಟಿ ಹಿಡಿದು ಹೆಂಡತಿಯ ಗುಡಿಸಲಿಗೆ ಬರಬೇಕು, ಸೋಮವಾರ ಬೆಳಗ್ಗೆ ಚೀಟಿಯನ್ನು ಅಲ್ಲಿನ ಮೇಸ್ತ್ರಿಗೆ ಒಪ್ಪಿಸಿ ಹೋಗಬೇಕು. ಹನ್ನೊಂದು ವರ್ಷ ಹೀಗೆಯೇ ನಡೆದಿತ್ತು. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಬೆನ್ನಿನ ಚರ್ಮ ಉಳಿಯುತ್ತಿರಲಿಲ್ಲ. ಉರ್ಸಿನ್ ಸಕ್ಕರೆ ಪಾಕದ ಕೈ. ಕೊಪ್ಪರಿಗೆಯಲ್ಲಿ ಕುದಿಯುವ ರಸ ಯಾವ ಕ್ಷಣಕ್ಕೆ ಸಕ್ಕರೆಯಾಗುತ್ತದೆ ಎಂಬುದು ಅವನ ಕಣ್ಣಿಗೆ ಕಾಣುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ತಡವಾದರೆ ವರ್ಷದ ದುಡಿಮೆಯೆಲ್ಲ ಸುಟ್ಟ ಪಾಕ. ಅಂಥವನ ಮೇಲೆ ಗೊದಾರ್‌ಗೆ ಬಹಳ ದಿನದಿಂದ ಕಣ್ಣಿತ್ತು.

ಡಿಸೆಂಬರಿನಲ್ಲಿ ನದಿಯಲ್ಲಿ ಸರ್ಕಾರದ ಯುದ್ಧದ ಹಡಗು ಕಂಡದ್ದೇ ತಡ, ಉರ್ಸಿನ್‌ನ ಧಣಿ ಗಟ್ಟಿ ಆಳುಗಳನ್ನು ಹಗ್ಗದಲ್ಲಿ ಕಟ್ಟಿಕೊಂಡು, ಸರ್ಕಾರದ ಸೈನ್ಯ ಇನ್ನೂ ಮುಟ್ಟದ ಟೆಕ್ಸಾಸಿಗೆ ಓಡಿದ. ಉರ್ಸಿನ್ ಮೂರು ದಿನ ಜೌಗಿನಲ್ಲಿ ಅಡಗಿದ್ದು ತಪ್ಪಿಸಿಕೊಂಡ. ಅಷ್ಟರಲ್ಲಿ ಹೊಸ ವರ್ಷ ಬಂತು. ಆ ಸೀಮೆಯಲ್ಲಿ ಹೊಸ ವರ್ಷಕ್ಕೆ ಆಳುಗಳು ಧಣಿಗೆ ಶುಭ ಕೋರಿ ಏನಾದರೊಂದು ಉಡುಗೊರೆ ಕೇಳುವುದುಂಟು, ಧಣಿ ಇಲ್ಲ ಎನ್ನುವಂತಿಲ್ಲ. ಉಳಿದವರು ಬಟ್ಟೆ, ತಂಬಾಕು ಕೇಳಿದರೆ ಅಜೆಲಿ ಕೇಳಿದ್ದು ಚೀಟಿ. “ಅವನ ಧಣಿ ಓಡಿಹೋದ್ರು. ಚೀಟಿ ಬರ್ಕೊಡೋರು ಯಾರೂ ಇಲ್ಲ. ನೀವೇ ಒಂದು ಬರ್ಕೊಟ್ರೆ ಹೊಸ ವರ್ಷಕ್ಕೆ ನನ್ ಗಂಡ ನನ್ ಹತ್ರ ಇರ್ತಾನೆ.” ಗೊದಾರ್ ನಕ್ಕು ಬರೆದುಕೊಟ್ಟಿದ್ದ. ಒಳ್ಳೆಯ ಮನಸ್ಸು ಎಂದು ಅವಳು ನಾಲ್ಕು ಜನರೆದುರು ಹೊಗಳಿದ್ದಳು ಕೂಡ. ಈಗ ನೆನೆದರೆ ಆ ಹೊಗಳಿದ ನಾಲಿಗೆಯನ್ನು ಕಿತ್ತು ನಾಯಿಗೆ ಎಸೆಯಬೇಕು ಅನಿಸುತ್ತಿತ್ತು. ಯಾಕೆಂದರೆ ಊಟದ ಕೋಣೆಯಲ್ಲಿ ಗೊದಾರ್ ಈಗ ಆ ಚೀಟಿಯ ಸುದ್ದಿಯನ್ನೇ ತೆಗೆದಿದ್ದ.

“ಕಾಲುವೆ ಆಚೆಯವರಿಗೆಲ್ಲ ಬಿಡುಗಡೆ ಪತ್ರ ಕೊಡಿ ಕ್ಯಾಪ್ಟನ್ ಸಾಹೇಬ್ರೇ, ನನ್ನದೇನೂ ತಕರಾರಿಲ್ಲ. ಆದ್ರೆ ಉರ್ಸಿನ್ ಅನ್ನೋನು ನಿಮ್ಮ ಪಟ್ಟಿಗೆ ಬರೋದಿಲ್ಲ.”

“ಯಾಕೆ? ಅವನೂ ಆಚೆಯವನೇ ಅಲ್ವಾ?” ಆ ಸೀಮೆಯವರ ಮಾತು ಫ್ರೆಂಚು, ಕ್ಯಾಪ್ಟನ್ನಿಗೆ ಬರುತ್ತಿದ್ದದ್ದು ಹರಕುಮುರುಕು. ಬಾಯಲ್ಲಿ ಬಾತುಕೋಳಿ ಬೇರೆ ಇತ್ತು.

“ಆಚೆಯವನೇ. ಆದ್ರೆ ಜನವರಿ ಒಂದ್ನೇ ತಾರೀಖು ಈಚೆ ಇದ್ದ, ನನ್ನ ಅಡುಗೆಯವಳ ಗುಡಿಸಲಲ್ಲಿ. ಆಜ್ಞೆ ಜಾರಿಗೆ ಬಂದ ದಿನ ಯಾರು ಎಲ್ಲಿದ್ರು ಅನ್ನೋದು ತಾನೇ ಮುಖ್ಯ? ಈಚೆ ಇದ್ದೋನಿಗೆ ಬಿಡುಗಡೆ ಎಲ್ಲಿಂದ ಬಂತು? ಇನ್ನು ಅವನ ಒಡೆಯ ಓಡಿಹೋದ. ದಿಕ್ಕಿಲ್ಲದ ದನ ಯಾರ ಹೊಲದಲ್ಲಿ ಸಿಗತ್ತೋ ಅವರ ಕೊಟ್ಟಿಗೇಲಿ ಕಟ್ಟೋದೇ ನ್ಯಾಯ.”

“ಪುರಾವೆ?”

ಗೊದಾರ್ ಜೇಬಿನಿಂದ ಚೀಟಿ ತೆಗೆದ. “ಇಲ್ಲಿದೆ. ತಾರೀಖು ಹಾಕಿದೀನಿ.”

“ಊಟ ಆಗ್ಲಿ, ಆಮೇಲೆ ಅಂಗಳದಲ್ಲಿ ಎಲ್ರ ಹೆಸರೂ ಬರ್ಕೊಳ್ತೀನಲ್ಲ, ಆಗ ನೋಡೋಣ. ಇದು ಆರಿಹೋದ್ರೆ ರುಚಿ ಕೆಡತ್ತೆ,” ಎಂದು ಕ್ಯಾಪ್ಟನ್ ಎರಡನೇ ತೊಡೆಯನ್ನು ತನ್ನ ತಟ್ಟೆಗೆ ಎಳೆದುಕೊಂಡ. ಮನುಷ್ಯನೊಬ್ಬನ ಬಾಳು ಬಾತುಕೋಳಿಯ ತೊಡೆಗಾಗಿ ಕಾಯಬೇಕಾಯಿತು. ಗೊದಾರ್ ಚೀಟಿಯನ್ನು ಸಾಸಿವೆ ಬಟ್ಟಲಿನ ಪಕ್ಕದಲ್ಲಿಟ್ಟ.

ಅಜೆಲಿಗೆ ಓದಲು ಬರದು. ಆದರೆ ಆ ಚೀಟಿ ಯಾವುದೆಂದು ಹೇಳಲು ಓದು ಬೇಕಿರಲಿಲ್ಲ. ಅದರ ಮೂಲೆಯಲ್ಲಿ ಉರ್ಸಿನ್‌ನ ಹೆಬ್ಬೆರಳಿನ ಪಾಕದ ಗುರುತು ಕಂದಾಗಿ ಅಂಟಿತ್ತು. ಎರಡನೇ ತಾರೀಖು ಬೆಳಗ್ಗೆ ಅವನು ಅದನ್ನು ಮೇಸ್ತ್ರಿಗೆ ಒಪ್ಪಿಸಿಯೇ ಹೊರಟಿದ್ದ. ಕೇಳುವ ಧಣಿಯೇ ಇಲ್ಲದ ಮೇಲೂ, ಬಿಡುಗಡೆಯ ಮರುದಿನವೂ, ಚೀಟಿ ವಾಪಸ್ಸು ಕೊಟ್ಟು ಹೋಗಿದ್ದ ಪುಣ್ಯಾತ್ಮ! ಅಭ್ಯಾಸ ಅನ್ನುವುದು ಸಂಕೋಲೆಗಿಂತ ಕೆಟ್ಟದ್ದು.

ಸಿಹಿ ತರುವ ಮೊದಲು ಎಂಜಲು ತಟ್ಟೆ ತೆಗೆಯುವುದು ಅವಳ ಕೆಲಸ. ತಟ್ಟೆಯ ಮೇಲೆ ತಟ್ಟೆ ಇಟ್ಟಳು, ಮೂಳೆಗಳನ್ನು ಮೇಲಿನದಕ್ಕೆ ಬಳಿದಳು, ಸಾಸಿವೆ ಬಟ್ಟಲನ್ನೂ ಅದರ ಕೆಳಗಿನ ಕೊಳೆ ಕರವಸ್ತ್ರವನ್ನೂ ಎತ್ತಿಕೊಂಡಳು. ಕರವಸ್ತ್ರದೊಳಗೆ ಚೀಟಿ ಬಂತು. ಅಂಗಳ ದಾಟಿ ಅಡುಗೆಮನೆಗೆ ಬಂದಳು. ಒಲೆಗೆ ಹಾಕಿದ ಚೀಟಿ ಮೊದಲು ಪಾಕದ ಗುರುತಿನ ಕಡೆಯಿಂದ ಹೊತ್ತಿಕೊಂಡಿತು.

ಊಟವಾದ ಮೇಲೆ ಅಂಗಳದ ಓಕ್ ಮರದ ಕೆಳಗೆ ಮೇಜು ಹಾಕಿದರು. ಕಾಲುವೆಯಾಚೆಯಿಂದ ಹತ್ತು ಹನ್ನೆರಡು ಜನರನ್ನು ಸೈನಿಕರು ಕರೆತಂದಿದ್ದರು. ಟೆಕ್ಸಾಸಿಗೆ ಒಯ್ಯಲು ಲಾಯಕ್ಕಲ್ಲವೆಂದು ಧಣಿ ಬಿಟ್ಟುಹೋಗಿದ್ದ ಮುದುಕರು, ಕುಂಟರು, ಅವರ ನಡುವೆ ಉರ್ಸಿನ್. ಈಚೆಯ ನಲವತ್ತು ಜನ ಬೇಲಿಯ ಬದಿಗೆ ನಿಂತಿದ್ದರು. ಗೊದಾರ್‌ನ ಹೆಂಡತಿ ಜಗಲಿಯ ಮೇಲೆ ತೂಗುಕುರ್ಚಿಯಲ್ಲಿ ಕೂತು, ಜನವರಿಯ ಚಳಿಯಲ್ಲೂ ಅಭ್ಯಾಸಬಲದಿಂದ ಬೀಸಣಿಗೆ ಆಡಿಸುತ್ತಿದ್ದಳು.

ಉರ್ಸಿನ್‌ನ ಸರದಿ ಬಂದಾಗ ಗೊದಾರ್ ಜೇಬು ತಡಕಿದ. ಕೋಟಿನ ಜೇಬು, ಒಳಜೇಬು. ಒಳಗೆ ಹೋಗಿ ಮೇಜು ನೋಡಿ ಬಂದ. ಬರುವಾಗ ಅವನ ಕಣ್ಣು ನೇರ ಅಜೆಲಿಯ ಮೇಲಿತ್ತು.

“ಚೀಟಿ ಎಲ್ಲೋ ಬಿದ್ದಿರಬೇಕು. ಪರವಾಗಿಲ್ಲ. ಮೇಸ್ತ್ರಿ! ಎರಡನೇ ತಾರೀಖು ಇವನು ನಿಂಗೆ ಚೀಟಿ ಕೊಟ್ನಾ ಇಲ್ವಾ?”

ಮೇಸ್ತ್ರಿ ತಲೆ ಕೆರೆದುಕೊಂಡ. “ನಂಗೆ ಓದಕ್ ಬರಲ್ವಲ್ಲ ಧಣೀ. ದಿನಾ ಹತ್ ಚೀಟಿ ಬರ್ತವೆ. ಯಾವ್ದು ಯಾರ್ದೋ.”

“ನೀವು? ಹೊಸ ವರ್ಷದ ದಿನ ಇವನನ್ನ ಇಲ್ಲಿ ನೋಡಿದೋರು ಯಾರು?” ಗೊದಾರ್ ಬೇಲಿಯ ಕಡೆ ತಿರುಗಿದ.

ಹೊಸ ವರ್ಷದ ದಿನ ಉರ್ಸಿನ್ ಜೊತೆ ಕುಣಿದು ಕುಪ್ಪಳಿಸಿ ಚಪ್ಪಲಿ ಹರಿದುಕೊಂಡಿದ್ದ ನಲವತ್ತು ಜನ ನೆಲ ನೋಡಿದರು. ಯಾರೂ ನೋಡಿರಲಿಲ್ಲ.

“ಹಾಗಾದ್ರೆ ಹೆಂಡತೀನೇ ಹೇಳ್ಲಿ,” ಎಂದ ಗೊದಾರ್, ತುಟಿ ಕಚ್ಚಿ. “ಬಾರೇ ಇಲ್ಲಿ. ಸುಳ್ಳು ಹೇಳಿದ್ರೆ ಏನಾಗತ್ತೆ ಅಂತ ನಿಂಗೊತ್ತು. ನಿನ್ನ ಗಂಡ ಒಂದ್ನೇ ತಾರೀಖು ಎಲ್ಲಿದ್ದ?”

ಅಜೆಲಿ ಮುಂದೆ ಬಂದಳು. ಉರ್ಸಿನ್ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಅವನ ಕಡೆ ನೋಡಿದರೆ ಮಾತು ಹೊರಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಯಾವ ಗಂಡ ಧಣೀ?” ಎಂದಳು. “ಇವನಾ? ಇವನು ನನ್ನ ಬಿಟ್ಟು ಎಷ್ಟ್ ಕಾಲ ಆಯ್ತು. ಚೀಟಿ ತಗೊಂಡೆ ನಿಜ, ಕಾದೆ ನಿಜ. ಬರಲಿಲ್ಲ.”

“ಬರಲಿಲ್ವಾ?” ಕ್ಯಾಪ್ಟನ್ ಅವಳ ಹೊಟ್ಟೆ ನೋಡಿ ಹುಬ್ಬೇರಿಸಿದ. “ಮತ್ತೆ ಇದು ಯಾರದು?”

ಅಜೆಲಿ ಜಗಲಿಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಹೇಳಿದಳು:

“ಧಣಿಗಳ ಮನೆ ಅಡುಗೆಯವಳ ಹೊಟ್ಟೇಲಿ ಯಾರ್ದಿದೆ ಅಂತ ಅಮ್ಮಾವ್ರ ಎದುರಿಗೆ ಕೇಳ್ಬೇಡಿ ಸಾಹೇಬ್ರೇ.”

ಬೀಸಣಿಗೆ ನಿಂತಿತು. ಗೊದಾರ್‌ನ ಮುಖ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿತು. ಅದು ಸುಳ್ಳು. ಆದರೆ ಆ ಮನೆಯಲ್ಲಿ ಅದಕ್ಕೆ ಮೊದಲು ಎರಡು ಸಲ ನಿಜವಾಗಿತ್ತು, ಬೇರೆ ಹೆಣ್ಣುಮಕ್ಕಳ ವಿಷಯದಲ್ಲಿ. ಅವರಿಗೆ ಹುಟ್ಟಿದ ತಿಳಿಗಣ್ಣಿನ ಇಬ್ಬರು ಹುಡುಗಿಯರನ್ನು ಗೊದಾರ್‌ನ ಹೆಂಡತಿಯೇ ಹಟ ಹಿಡಿದು ಪಟ್ಟಣಕ್ಕೆ ಮಾರಿಸಿದ್ದಳು. ಹಾಗಾಗಿ ಇಲ್ಲವೆಂದು ಕೂಗಲು ಬಾಯಿ ತೆರೆದ ಗೊದಾರ್ ಹೆಂಡತಿಯನ್ನು ನೋಡಿ ಬಾಯಿ ಮುಚ್ಚಿದ. ಕೂಗಿದಷ್ಟೂ ಅವಳ ಅನುಮಾನ ಗಟ್ಟಿಯಾಗುತ್ತಿತ್ತು.

ಉರ್ಸಿನ್ ಬಾಯಿಬಿಟ್ಟು ಏನಾದರೂ ಒದರುವ ಮೊದಲೇ ಆಚೆಯವರ ಸಾಲಿನಿಂದ ಫೆಲೊನೀಸಜ್ಜಿ ಕೋಲೂರಿಕೊಂಡು ಮುಂದೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ಒಂದು ಕಣ್ಣಿಲ್ಲ, ಬಾಯಲ್ಲಿ ಹಲ್ಲು ಎರಡೋ ಮೂರೋ.

“ಅವಳಿಗ್ಯಾಕೆ ಕಾಟ ಕೊಡ್ತೀರಿ? ಹೊಸ ವರ್ಷಕ್ಕೆ ಉರ್ಸಿನ್ ನನ್ ಗುಡಿಸಲಲ್ಲಿದ್ದ. ನಾನೇ ಅವನ ಹೆಂಡ್ತಿ ಈಗ. ಯಾಕ್ ಹಂಗ್ ನೋಡ್ತೀರಿ? ಸಾರು ಹಳೇದಾದಷ್ಟೂ ರುಚಿ!”

ಕ್ಯಾಪ್ಟನ್ ಕುರ್ಚಿ ಹಿಂದಕ್ಕೆ ಮಗುಚುವಷ್ಟು ನಕ್ಕ. ಸೈನಿಕರು ನಕ್ಕರು. ನಗುನಗುತ್ತಲೇ ಕ್ಯಾಪ್ಟನ್ ಬರೆದ: ಉರ್ಸಿನ್, ಇಬರ್ವಿಲ್, ಸ್ವತಂತ್ರ. ಹೆಂಡತಿ ಫೆಲೊನೀಸ್, ಸ್ವತಂತ್ರ. ಮರಳು ಚಿಮುಕಿಸಿ ಮಸಿ ಆರಿಸಿದ. ಮುದುಕಿ ಹಿಂದಕ್ಕೆ ಹೋಗುವಾಗ ಉರ್ಸಿನ್‌ನ ಕಾಲನ್ನು ಕೋಲಿನಿಂದ ಬಲವಾಗಿ ತಿವಿದು, “ಬಾಯ್ ಮುಚ್ಕೊಂಡ್ ನಿಂತ್ಕೋ, ಗಂಡನೇ,” ಎಂದು ಪಿಸುಗುಟ್ಟಿದಳು.

ಅಜೆಲಿಯ ಎದೆಯ ಮೇಲಿನ ಬಂಡೆ ಇಳಿಯಿತು. ಅವನು ಉಳಿದ. ಇನ್ನು ಅವನನ್ನು ಯಾರೂ ಮಾರುವಂತಿಲ್ಲ, ಹಗ್ಗದಲ್ಲಿ ಕಟ್ಟಿ ಎಳೆದೊಯ್ಯುವಂತಿಲ್ಲ. ತನ್ನ ಮಾನ ಅಂಗಳದಲ್ಲಿ ಬಿದ್ದಿತ್ತು, ಬಿದ್ದಿರಲಿ. ತೊಳೆದುಕೊಂಡರಾಯಿತು.

ಪಟ್ಟಿ ಮುಗಿಯಿತು. ಹೊಟ್ಟೆ ತುಂಬಿತ್ತು, ನಕ್ಕೂ ಆಗಿತ್ತು, ಕ್ಯಾಪ್ಟನ್ನಿಗೆ ಉದಾರತನ ಉಕ್ಕಿ ಬಂತು. ಅವನು ಎದ್ದು ನಿಂತು ಈಚೆಯವರ ಕಡೆ ತಿರುಗಿದ.

“ನಿಮಗೆ ಬಿಡುಗಡೆ ಕೊಡೋ ಅಧಿಕಾರ ನಂಗಿಲ್ಲ. ನೀವು ಕೆಲಸ ಬಿಟ್ಟು ಅಲೆಯೋ ಹಾಗೂ ಇಲ್ಲ. ಆದ್ರೆ ಸ್ವತಂತ್ರ ಆದ ಗಂಡಸಿನ ಹೆಂಡತಿ ಈಚೆ ಇದ್ರೆ, ಅವಳು ಅವನ ಹತ್ರ ಹೋಗೋಕೆ ನಾನು ಚೀಟಿ ಕೊಡ್ತೀನಿ. ಸಂಸಾರ ಒಡೆಯೋದು ನಮ್ಮ ಸರ್ಕಾರಕ್ಕೆ ಇಷ್ಟ ಇಲ್ಲ. ಅಂಥೋರು ಯಾರಿದೀರಿ?”

ಇಬ್ಬರು ಹೆಂಗಸರು ಓಡಿಬಂದರು. ಅವರ ಗಂಡಂದಿರ ಹೆಸರು ಪಟ್ಟಿಯಲ್ಲಿತ್ತು, ಚೀಟಿ ಸಿಕ್ಕಿತು.

ಅಜೆಲಿ ನಿಂತಲ್ಲೇ ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟರೆ ತಾನು ಆಡಿದ್ದೆಲ್ಲ ಸುಳ್ಳಾಗುತ್ತದೆ, ಉರ್ಸಿನ್‌ನ ಹೆಸರಿನ ಮೇಲೆ ಗೀಟು ಬೀಳುತ್ತದೆ. ಮಗು ತಾಯಿಯ ಪಾಲು ಎನ್ನುವುದು ಅಲ್ಲಿನ ಕಾನೂನು. ತಾಯಿ ಈಚೆ ಇದ್ದರೆ ಹೊಟ್ಟೆಯೊಳಗಿನದೂ ಗೊದಾರ್‌ನ ಸೊತ್ತೇ. ಕಾಲುವೆ ದಾಟಿಸುವ ಚೀಟಿ ಮೂರು ಮಾರು ದೂರದ ಮೇಜಿನ ಮೇಲಿತ್ತು. ಅದನ್ನು ಕೇಳುವ ಬಾಯನ್ನು ಅವಳೇ ಹೊಲಿದುಕೊಂಡಿದ್ದಳು.

ಗೊದಾರ್‌ಗೂ ಇದು ಹೊಳೆಯಿತು. ಅವನ ಮುಖದ ಕೆಂಪು ಮೆಲ್ಲಗೆ ಇಳಿಯಿತು.

“ಪಾಪ, ಅಜೆಲಿಗೆ ಗಂಡನೇ ಇಲ್ವಲ್ಲ,” ಎಂದ ಜೇನು ಸುರಿಸಿ. “ಹೋಗು, ಕ್ಯಾಪ್ಟನ್ ಸಾಹೇಬ್ರಿಗೆ ಕಾಫಿ ತಗೊಂಬಾ. ಸೋಮವಾರದಿಂದ ನೀನು ಗದ್ದೆ ಕೆಲಸಕ್ಕೆ.”

ಅವಳು ಕಾಫಿ ತಂದಳು. ಬಟ್ಟಲಿಗೆ ಉಗಿದು ಕೊಡೋಣವೆಂದು ಅಡುಗೆಮನೆಯಲ್ಲೇ ಯೋಚಿಸಿದ್ದಳು. ಉಗಿಯಲು ಬಾಯಲ್ಲಿ ಎಂಜಲೇ ಇರಲಿಲ್ಲ, ನಾಲಿಗೆ ಒಣಗಿ ಹಲಗೆಯಾಗಿತ್ತು. ಥೂ, ಅಷ್ಟಕ್ಕೂ ಗತಿಯಿಲ್ಲದ ಬಾಳು! ಕ್ಯಾಪ್ಟನ್ ಕಾಫಿ ಹೀರಿ, ಇಂಥ ಅಡುಗೆಯವಳನ್ನು ಗದ್ದೆಗೆ ಹಾಕುವುದು ಅನ್ಯಾಯ ಎಂದ. ಅನ್ಯಾಯ ಎಂಬ ಮಾತು ಅವತ್ತು ಅವನ ಬಾಯಿಂದ ಬಂದದ್ದು ಅದೊಂದೇ ಸಲ.

ಶನಿವಾರ ಸಂಜೆ ಬಿಸಿಲಿನ್ನೂ ಇರುವಾಗಲೇ ಅಜೆಲಿ ಕಾಲುವೆಯ ದಂಡೆಗೆ ಹೋದಳು. ಉರ್ಸಿನ್ ಆಚೆ ದಂಡೆಯಲ್ಲಿ ಕೂತಿದ್ದ. ಶನಿವಾರವಲ್ಲವೇ, ಕಾಲು ತಾನಾಗಿ ಅವನನ್ನು ಕರೆತಂದಿತ್ತು. ಹಲಗೆ ಸೇತುವೆಯ ಮೇಲೆ ನಿಂತಿದ್ದ ಸೈನಿಕ ಕಬ್ಬು ಜಗಿಯುತ್ತಿದ್ದ. ಈಚೆಯವರು ಚೀಟಿಯಿಲ್ಲದೆ ಆಚೆ ಹೋಗುವಂತಿಲ್ಲ. ಆಚೆಯವರು ಈಚೆ ಬರಲು ಗೊದಾರ್‌ನ ಒಪ್ಪಿಗೆ ಬೇಕು.

“ಅಜೆಲೀ,” ಎಂದ ಉರ್ಸಿನ್. “ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ಧಣಿ ವಿಷ್ಯ ಹೇಳಿದ್ಯಲ್ಲ. ಅದು ಸುಳ್ಳು ತಾನೇ?”

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. “ಅದಕ್ಕೂ ಚೀಟಿ ಬೇಕೇನೋ ನಿಂಗೆ?”

ಅವನು ತಲೆ ತಗ್ಗಿಸಿದ. ನಾಚಿಕೆಯಿಂದ ಕಿವಿಯ ತನಕ ಬಿಸಿಯಾಗಿರಬೇಕು, ಕಿವಿ ಉಜ್ಜಿಕೊಂಡ. ಆಮೇಲೆ ಅಂಗಿಯೊಳಗಿಂದ ಬಿಡುಗಡೆಯ ಪತ್ರ ತೆಗೆದ.

“ನೀನು ಗೊದಾರ್ ಗದ್ದೇಲಿ ಹೆರೋದು, ನಾನು ಇಲ್ಲಿ ಸ್ವತಂತ್ರ ಅಂತ ಕೂತಿರೋದು. ನಂಗೆ ಬೇಡ ಕಣೇ ಇದು. ಹರಿದು ನೀರಿಗ್ ಹಾಕಿ ಆ ಕಡೆ ಬಂದ್ಬಿಡ್ತೀನಿ. ಹೆಂಗೂ ಗೊದಾರ್‌ಗೆ ಪಾಕದ ಕೈ ಬೇಕು. ಒಟ್ಟಿಗಾದ್ರೂ ಇರಬಹುದು.”

“ಹರಿ ನೋಡೋಣ!” ಅಜೆಲಿ ಎದ್ದು ನಿಂತಳು. ಅವಳ ಕೂಗಿಗೆ ಸೈನಿಕ ಜಗಿಯುವುದನ್ನು ನಿಲ್ಲಿಸಿ ತಿರುಗಿದ. “ಆ ಕಾಗದಕ್ಕೆ ನಾನು ನಾಲ್ಕ್ ಜನರ ಎದುರು ನನ್ ಮಾನಾನೇ ಕೊಟ್ಟಿದೀನಿ. ಈ ದಂಡೆ ಮೇಲೆ ಕಾಲಿಟ್ರೆ ಮುರಿದು ಕೈಗ್ ಕೊಡ್ತೀನಿ. ಅಲ್ಲೇ ಕೂತಿರು. ನಾನೇ ಬರ್ತೀನಿ.”

ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ನೀರಿಗಿಳಿದಳು. ಜನವರಿಯ ನೀರು ಮೊಣಕಾಲಿಗೆ ಚೂರಿಯಂತೆ ತಾಗಿತು. ಎರಡು ಹೆಜ್ಜೆಗೆ ತೊಡೆ ಮುಳುಗಿತು, ಇನ್ನೆರಡಕ್ಕೆ ಹೊಟ್ಟೆ. ಚಳಿಗೆ ಒಳಗಿನ ಕೂಸು ಜಾಡಿಸಿ ಒದೆಯಿತು.

“ಏಯ್! ನಿಲ್ಲು! ಚೀಟಿ ಎಲ್ಲಿ?” ಸೈನಿಕ ಕಬ್ಬು ಬಿಸಾಡಿ ಬಂದೂಕಿಗೆ ಕೈ ಹಾಕಿದ. ಆಚೆ ದಂಡೆಯಲ್ಲಿ ಉರ್ಸಿನ್ ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತು ಕೈ ಚಾಚಿದ್ದ. ಅವನ ಹಿಂದೆ ಫೆಲೊನೀಸಜ್ಜಿ ಕಂಬಳಿ ಹಿಡಿದುಕೊಂಡು ಕುಂಟುತ್ತಾ ಬರುತ್ತಿದ್ದಳು.

ನಟ್ಟನಡುವೆ ಅಜೆಲಿ ಒಂದು ಕ್ಷಣ ನಿಂತಳು. ಗೊದಾರ್ ಫೋರ್ಕಿನ ತುದಿಯಿಂದ ಗೀಟೆಳೆದಿದ್ದ ಜಾಗ ಇದೇ. ಸರ್ಕಾರದ ನ್ಯಾಯ ಒಂದು ಕಡೆ ಮುಗಿದು ಇನ್ನೊಂದು ಕಡೆ ಶುರುವಾಗುವ ಜಾಗ. ನೋಡಿದರೆ ಎರಡೂ ಕಡೆಯ ನೀರು ಒಂದೇ ಬಣ್ಣದ ಕೆಸರು. ಮೂರು ದಿನದಿಂದ ಒಣಗಿದ್ದ ಅವಳ ಬಾಯಲ್ಲಿ ಈಗ ಎಂಜಲು ಊರಿತು. ಬಾಯಿ ತುಂಬ ಬಂದದ್ದನ್ನು ಆ ಗೀಟಿನ ಮೇಲೆ ಉಗಿದು, ಅವಳು ಮುಂದಿನ ಹೆಜ್ಜೆ ಇಟ್ಟಳು.